ಡೇರೆ ಎಲ್ಲಿ ಹೂಡಬೇಕು?

ಆಸ್ಟ್ರೇಲಿಯದ ಭೂಪಟವನ್ನು ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಮಡಿಸಿ ಬಿಚ್ಚಿದರೆ ಎರಡು ಮಡಿಕೆಗಳು ಕೂಡುವ ಜಾಗದ ಆಸುಪಾಸಿನಲ್ಲೇ ಆಲಿಸ್ ಸ್ಪ್ರಿಂಗ್ಸ್ ಎಂಬ ಊರು ಸಿಗುತ್ತದೆ. ಉತ್ತರದ ಡಾರ್ವಿನ್ನಿಗೂ ದಕ್ಷಿಣದ ಅಡಿಲೇಡಿಗೂ ಅಲ್ಲಿಂದ ಹೆಚ್ಚು ಕಡಿಮೆ 1500 ಕಿಲೋಮೀಟರ್. ವರ್ಷಕ್ಕೆ ಬೀಳುವ ಮಳೆ ಸರಾಸರಿ 280 ಮಿಲಿಮೀಟರ್, ಅಂದರೆ ಬೆಂಗಳೂರಿನ ಮಳೆಯ ಮೂರನೆಯ ಒಂದಂಶಕ್ಕೂ ಕಡಿಮೆ. ಊರು ದಾಟಿದರೆ ಕೆಂಪು ಮರಳು, ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು, ಜಾಲಿಯ ಜಾತಿಗೆ ಸೇರಿದ ಮಲ್ಗಾ ಪೊದೆ, ನಮ್ಮ ಗಾಳಿಮರದ ಬಳಗದ ಡೆಸರ್ಟ್ ಓಕ್ ಮರ, ಇಷ್ಟೇ.

ವರ್ಷದ ಬಹುಪಾಲು ದಿನ ನಿಶ್ಶಬ್ದವಾಗಿರುವ ಈ ನೆಲ ಜೂನ್ ತಿಂಗಳಲ್ಲಿ ಒಮ್ಮೆ ಗುಡುಗುತ್ತದೆ. ಜೂನ್ ಎರಡನೆಯ ಸೋಮವಾರ ಅಲ್ಲಿ ದೊರೆಯ ಹುಟ್ಟುಹಬ್ಬದ ರಜೆ. (ದೊರೆ ಚಾರ್ಲ್ಸ್ ಹುಟ್ಟಿದ್ದು ನವೆಂಬರಿನಲ್ಲಿ. ರಜೆಗೆ ಅದರ ಹಂಗಿಲ್ಲ.) ಆ ಮೂರು ದಿನಗಳ ಬಿಡುವಿನಲ್ಲಿ ನಡೆಯುವುದೇ ಫಿಂಕ್ ಮರುಭೂಮಿ ಓಟ. 1976ರಲ್ಲಿ ಊರಿನ ಕೆಲವು ಮೋಟಾರ್ ಬೈಕ್ ಸವಾರರು ಫಿಂಕ್ ನದಿಯ ತನಕ ಹೋಗಿ ಬರೋಣವೆಂದು ಪಂಥ ಕಟ್ಟಿ ಹೊರಟರು. ಅದೇ ವಾರ್ಷಿಕ ಸ್ಪರ್ಧೆಯಾಯಿತು. 1988ರಲ್ಲಿ ಕಾರುಗಳೂ ಬಗ್ಗಿಗಳೂ ಸೇರಿಕೊಂಡವು. ‘ಮರುಭೂಮಿಯ ರಾಜ’ ಎಂಬ ಬಿರುದು ಬೈಕಿಗೋ ನಾಲ್ಕು ಚಕ್ರದ ವಾಹನಕ್ಕೋ ಎಂಬ ಜಗಳ ಅಲ್ಲಿಂದಾಚೆಗೆ ಬೆಳೆಯಿತು. ಬಗ್ಗಿಗಳು ಮೊದಲ ಬಾರಿಗೆ ಬೈಕುಗಳನ್ನು ಸೋಲಿಸಿದ್ದು 1999ರಲ್ಲಿ.

ಭಾನುವಾರ ಆಲಿಸ್ ಸ್ಪ್ರಿಂಗ್ಸ್‌ನಿಂದ ಅಪುಟುಲಕ್ಕೆ, ಸೋಮವಾರ ಅದೇ ದಾರಿಯಲ್ಲಿ ವಾಪಸು. ಅಪುಟುಲ ಎಂದರೆ ಫಿಂಕ್ ನದಿಯ ಬಳಿ ಆದಿವಾಸಿಗಳು ವಾಸಿಸುವ ಪುಟ್ಟ ಊರು. ಒಂದು ದಿಕ್ಕಿಗೆ ಸುಮಾರು 230 ಕಿ.ಮೀ. ಅತಿ ವೇಗದ ವಾಹನಗಳು ಇದನ್ನು ಎರಡು ಗಂಟೆಯೊಳಗೆ ಮುಗಿಸುತ್ತವೆ. ಡಕಾರ್ ರ್‍ಯಾಲಿಯನ್ನು 2016 ಮತ್ತು 2019ರಲ್ಲಿ ಗೆದ್ದ ಟೋಬಿ ಪ್ರೈಸ್ ಫಿಂಕ್ ಓಟವನ್ನು ಬೈಕಿನಲ್ಲೂ ಗೆದ್ದಿದ್ದಾರೆ, ನಾಲ್ಕು ಚಕ್ರದ ಟ್ರಕ್ಕಿನಲ್ಲೂ ಗೆದ್ದಿದ್ದಾರೆ. ಅದೇ ಡಕಾರ್‌ನಲ್ಲಿ 2015ರಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್ ಎಂಬುದು ಇಲ್ಲಿನ ಬೈಕ್ ಪ್ರಿಯ ಹುಡುಗರಿಗೆಲ್ಲ ಗೊತ್ತು.

ಓಟದ ದಾರಿ ಬಹುಮಟ್ಟಿಗೆ ಹಳೆಯ ‘ಘ್ಯಾನ್’ ರೈಲುಮಾರ್ಗದ ಪಕ್ಕದಲ್ಲೇ ಸಾಗುತ್ತದೆ. ರೈಲು ಬರುವ ಮೊದಲು ಈ ಒಳನಾಡಿಗೆ ಸಾಮಾನು ಸಾಗಿಸುತ್ತಿದ್ದವರು ಒಂಟೆಯವರು. ಅವರನ್ನೆಲ್ಲ ಅಫ್ಘಾನರೆಂದೇ ಕರೆದರೂ ಎಷ್ಟೋ ಮಂದಿ ಅಂದಿನ ಬ್ರಿಟಿಷ್ ಇಂಡಿಯಾದಿಂದ ಹೋದವರು. ರೈಲಿನ ಹೆಸರು ಅವರಿಂದಲೇ ಬಂತೆನ್ನುತ್ತಾರೆ. 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಮುಟ್ಟಿದ ಹಳಿ, ಬರಗಾಲದ ನಡುವೆ ಏಕಾಏಕಿ ನುಗ್ಗುವ ಪ್ರವಾಹಗಳಿಗೆ ಮತ್ತೆ ಮತ್ತೆ ಕೊಚ್ಚಿಹೋಗುತ್ತಿತ್ತು. 1980ರಲ್ಲಿ ಪಶ್ಚಿಮಕ್ಕೆ ಹೊಸ ಮಾರ್ಗ ಬಂದ ಮೇಲೆ ಹಳೆಯದು ಮುಚ್ಚಿತು. ರೊಡಿಂಗಾ, ಬಂಡೂಮಾ ಮುಂತಾದ ಹಳೆಯ ನಿಲ್ದಾಣಗಳ ಹೆಸರುಗಳು ಈಗ ಓಟದ ನಕ್ಷೆಯಲ್ಲಿ ಉಳಿದಿವೆ.

ಈ 230 ಕಿ.ಮೀ. ಉದ್ದಕ್ಕೂ ಸಾವಿರಾರು ಜನ ಬಿಡಾರ ಹೂಡಿ ಓಟ ನೋಡುತ್ತಾರೆ. ಗ್ಯಾಲರಿ ಇಲ್ಲ, ಸೀಟಿನ ನಂಬರಿಲ್ಲ. ತಮ್ಮ ಜಾಗವನ್ನು ತಾವೇ ಆರಿಸಿಕೊಳ್ಳಬೇಕು. ಅಡಿಲೇಡಿನಲ್ಲಿರುವ ನಾಲ್ವರ ಒಂದು ಕುಟುಂಬ, ಅಪ್ಪ, ಅಮ್ಮ, ಹೈಸ್ಕೂಲಿನ ಮಗಳು, ಪ್ರೈಮರಿ ಶಾಲೆಯ ಮಗ, ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದೆ ಎಂದು ಊಹಿಸಿಕೊಳ್ಳಬಹುದು. ಅಪ್ಪನಿಗೆ ಪೆಟ್ರೋಲಿನ ಚಿಂತೆ, ಅಮ್ಮನಿಗೆ ನೀರಿನ ಚಿಂತೆ. ಮಕ್ಕಳಿಗೆ ಒಂದೇ ಚಿಂತೆ: ದಾರಿಗೆ ಎಷ್ಟು ಹತ್ತಿರ?

ಮಕ್ಕಳು ಕೇಳಿದ್ದೇ ಸರಿಯಾದ ಪ್ರಶ್ನೆ. ಉತ್ತರವನ್ನು ಪೆನ್ಸಿಲು ಹಿಡಿದು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು. ದೊಡ್ಡ ಟ್ರಕ್ಕುಗಳು ಕೆಲವು ನೇರ ಹಾದಿಗಳಲ್ಲಿ ಗಂಟೆಗೆ 200 ಕಿ.ಮೀ. ಮೀರುತ್ತವೆ. ಲೆಕ್ಕಕ್ಕೆ ಅನುಕೂಲವಾಗಲೆಂದು 180 ಎಂದಿಟ್ಟುಕೊಂಡರೆ ಸೆಕೆಂಡಿಗೆ 50 ಮೀಟರ್ ಆಯಿತು. ದಾರಿಯಿಂದ 25 ಮೀಟರ್ ದೂರದಲ್ಲಿ ಕುರ್ಚಿ ಹಾಕಿ ಕೂತವನ ಕಡೆಗೆ ಅಂಥ ಟ್ರಕ್ಕು ತಿರುಗಿದರೆ ಅರ್ಧ ಸೆಕೆಂಡಿನಲ್ಲಿ ಅಲ್ಲಿರುತ್ತದೆ. ಅಪಾಯವನ್ನು ಕಣ್ಣು ಕಂಡು, ಮಿದುಳು ನಂಬಿ, ಕಾಲು ಏಳುವಷ್ಟರಲ್ಲಿ ಒಂದು ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ‘ಬಂದರೆ ಓಡಿದರಾಯಿತು’ ಎಂಬ ಮಾತಿಗೆ ಗಣಿತದಲ್ಲಿ ಜಾಗವಿಲ್ಲ.

ಚಲನಶಕ್ತಿಯ ಪಾಠ ಓದಿದ ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ವೇಗ ಗಂಟೆಗೆ 60ರಿಂದ 180 ಕಿ.ಮೀ.ಗೆ ಏರಿದರೆ, ಅಂದರೆ ಮೂರು ಪಟ್ಟಾದರೆ, ಶಕ್ತಿ ಒಂಬತ್ತು ಪಟ್ಟು. 60ರಲ್ಲಿ ಗುದ್ದುವುದೆಂದರೆ ಆ ವಾಹನ 14 ಮೀಟರ್ ಎತ್ತರದಿಂದ ಬಿದ್ದಂತೆ. 180ರಲ್ಲಾದರೆ ಸುಮಾರು 127 ಮೀಟರ್, ನಲವತ್ತು ಅಂತಸ್ತಿನ ಕಟ್ಟಡದ ತುದಿಯಿಂದ ಬಿದ್ದಂತೆ.

ಆದರೆ ವಾಹನ ದಾರಿ ಬಿಟ್ಟು ಏಕೆ ಬರಬೇಕು? ಫಿಂಕ್ ದಾರಿಯನ್ನು ಕಂಡವರು ಈ ಪ್ರಶ್ನೆ ಕೇಳುವುದಿಲ್ಲ. ಮಣ್ಣುರಸ್ತೆಯ ಮೇಲೆ ತಗಡಿನ ಶೀಟಿನಂತೆ ಅಲೆಯಲೆಯಾಗಿ ಏಳುವ ಉಬ್ಬುಗಳು ಹಳ್ಳಿಯ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಚಕ್ರ ಒಂದು ಸಣ್ಣ ಉಬ್ಬಿಗೆ ತಗುಲಿ ಜಿಗಿಯುತ್ತದೆ, ಮುಂದೆ ಬಿದ್ದಲ್ಲಿ ಮಣ್ಣು ಕೆದರಿ ಗುಂಡಿ ಮಾಡುತ್ತದೆ, ಹಿಂದಿನಿಂದ ಬಂದ ಚಕ್ರ ಅದನ್ನೇ ಆಳ ಮಾಡುತ್ತದೆ. ಫಿಂಕ್ ದಾರಿಯಲ್ಲಿ ಈ ಅಲೆಗಳು ಆಳುದ್ದದ ಮಾತಲ್ಲದಿದ್ದರೂ ಮೊಣಕಾಲು, ಸೊಂಟ ಮುಟ್ಟುವಷ್ಟಿರುತ್ತವೆ, ಒಂದರ ಹಿಂದೊಂದು ಕಿಲೋಮೀಟರುಗಟ್ಟಲೆ. ಟ್ರಕ್ಕು ಅವುಗಳ ನೆತ್ತಿಯಿಂದ ನೆತ್ತಿಗೆ ಹಾರುತ್ತ ಹೋಗುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಇಳಿದಾಗ ಒಂದು ಚಕ್ರ ಓರೆಯಾದರೆ ಮುಂದಿನದು ಚಾಲಕನ ಕೈಯಲ್ಲಿರುವುದಿಲ್ಲ.

ಇದರ ಜೊತೆಗೆ ದೂಳು. ಮಿಲಿಮೀಟರಿನ ನೂರರಲ್ಲಿ ಒಂದಂಶದಷ್ಟು ದಪ್ಪದ ಮಣ್ಣಿನ ಕಣ, ಗಾಳಿ ಅಲುಗದಿದ್ದರೂ, ಎರಡು ಮೀಟರ್ ಕೆಳಗಿಳಿಯಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಮುಂದಿನ ವಾಹನ ಬಂದಿರುತ್ತದೆ. ಸ್ಪರ್ಧಿಗಳನ್ನು ಒಬ್ಬರ ಹಿಂದೊಬ್ಬರನ್ನು ಬಿಡುವುದರಿಂದ ಹಿಂದಿನವನು ಎಷ್ಟೋ ಕಡೆ ಕೆಂಪು ಗೋಡೆಯೊಳಗೆ ನುಗ್ಗುತ್ತಾನೆ. ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತ ಹುಡುಗ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಇವೆಲ್ಲ ಬರಿಯ ಊಹೆಯಲ್ಲ. 2021ರ ಜೂನ್ 14ರಂದು, ಓಟದ ಎರಡನೆಯ ದಿನ, ವಾಪಸಾಗುತ್ತಿದ್ದ ಟ್ರಕ್ಕೊಂದು ದಾರಿ ತಪ್ಪಿ ಪ್ರೇಕ್ಷಕರತ್ತ ನುಗ್ಗಿತು. 60 ವರ್ಷದ ಪ್ರೇಕ್ಷಕರೊಬ್ಬರು ಸತ್ತರು, ಮತ್ತೊಬ್ಬರು ಗಾಯಗೊಂಡರು. ಆ ದಿನದ ಓಟವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಅದರ ಬಗ್ಗೆ ನ್ಯಾಯಾಲಯದಲ್ಲಿ ಮರಣ ವಿಚಾರಣೆ ನಡೆಯಿತು. ಪ್ರೇಕ್ಷಕರು ಎಲ್ಲಿರಬೇಕು, ಎಷ್ಟು ದೂರ ಇರಬೇಕು ಎಂಬ ನಿಯಮಗಳು ಅಂದಿನಿಂದ ಬಿಗಿಯಾದವು. ಹೊರಡುವ ಮೊದಲು ಆ ವರ್ಷದ ನಿಯಮಪತ್ರವನ್ನು ತರಿಸಿಕೊಂಡು ಮನೆಯವರೆಲ್ಲ ಓದುವುದು ಒಳ್ಳೆಯದು. ಅದರಲ್ಲಿ ಹೇಳಿದ ದೂರ ಅತಿ ಕಡಿಮೆ ದೂರ. ಅದಕ್ಕಿಂತ ಹಿಂದೆ ಸರಿದರೆ ಯಾರೂ ಬೇಡವೆನ್ನುವುದಿಲ್ಲ.

ಜಾಗ ಆರಿಸುವಾಗ ನ್ಯೂಟನ್ನನ ಮೊದಲ ನಿಯಮ ನೆನಪಿದ್ದರೆ ಸಾಕು. ತಿರುವಿನಲ್ಲಿ ಹಿಡಿತ ತಪ್ಪಿದ ವಾಹನ ನೇರವಾಗಿ ಹೋಗುತ್ತದೆ, ಆದ್ದರಿಂದ ತಿರುವಿನ ಹೊರಮಗ್ಗುಲು ಎಲ್ಲಕ್ಕಿಂತ ಕೆಟ್ಟ ಜಾಗ. ಒಳಮಗ್ಗುಲೂ ಸುರಕ್ಷಿತವಲ್ಲ, ಅಡ್ಡದಾರಿ ಹಿಡಿಯುವವರು ಅಲ್ಲೇ ಕತ್ತರಿಸಿ ಬರುತ್ತಾರೆ. ದಿಬ್ಬ ಹಾರಿ ಇಳಿಯುವ ಜಾಗದಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಅಪಾಯವೂ ಅಲ್ಲೇ ಹೆಚ್ಚು. ನೇರ ದಾರಿಯ ಪಕ್ಕ, ಸ್ವಲ್ಪ ಎತ್ತರದ ಮರಳು ದಿಣ್ಣೆಯ ಮೇಲೆ, ಗಾಳಿ ತಮ್ಮ ಕಡೆಯಿಂದ ದಾರಿಯ ಕಡೆಗೆ ಬೀಸುವಂತೆ, ಸಾಕಷ್ಟು ದೂರದಲ್ಲಿ ಒಂದು ಬೈನಾಕ್ಯುಲರ್ ಇಟ್ಟುಕೊಂಡು ಕೂತವರಿಗೆ ವಾಹನ ಒಂದೆರಡು ಕಿಲೋಮೀಟರ್ ಆಚೆಯಿಂದಲೇ ದೂಳಿನ ಬಾಲದೊಡನೆ ಕಾಣುತ್ತದೆ. ದಾರಿಯ ಅಂಚಿನಲ್ಲಿ ನಿಂತವರಿಗೆ ಸಿಗುವುದು ಎರಡು ಸೆಕೆಂಡು ಮತ್ತು ಬಾಯಿ ತುಂಬ ಮಣ್ಣು. ಡೇರೆಯನ್ನಂತೂ ಇನ್ನೂ ಹಿಂದಕ್ಕೆ, ಮರಗಳ ಆಚೆಗೆ ಹೂಡಬೇಕು. ಮಗ ಆಟದ ಮೈಮರೆವಿನಲ್ಲಿ ದಾಟಬಾರದ ಗೆರೆಯೊಂದನ್ನು ಅವನ ಕೈಯಿಂದಲೇ ಮರಳಿನಲ್ಲಿ ಎಳೆಸಿ, ಕಲ್ಲು ಜೋಡಿಸಿಟ್ಟರೆ ಉತ್ತಮ.

ನೀರಿನ ಲೆಕ್ಕ ಸುಲಭ. ಕುಡಿಯಲು ಒಬ್ಬರಿಗೆ ದಿನಕ್ಕೆ 5 ಲೀಟರ್, ಅಡಿಗೆಗೂ ಕೈಕಾಲಿಗೂ 2 ಲೀಟರ್. ಶನಿವಾರದಿಂದ ಮಂಗಳವಾರದ ತನಕ ನಾಲ್ವರಿಗೆ 112 ಲೀಟರ್. ಕಾರು ಕೆಟ್ಟರೆಂದು ಇನ್ನೊಂದು ದಿನದ್ದು ಸೇರಿಸಿದರೆ 140, ಅಂದರೆ 140 ಕಿಲೋ ತೂಕ. ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಬಾರದು. ಅದು ಸೋರಿದರೆ ಎಲ್ಲವೂ ಹೋಯಿತು. ಫಿಂಕ್ ನದಿಯನ್ನು ಜಗತ್ತಿನ ಅತಿ ಪ್ರಾಚೀನ ನದಿಗಳಲ್ಲಿ ಒಂದೆಂದು ಎಣಿಸುತ್ತಾರೆ, ನಿಜ. ಆದರೆ ವರ್ಷದ ಹೆಚ್ಚು ಕಾಲ ಅದರ ಪಾತ್ರದಲ್ಲಿರುವುದು ಬರಿಯ ಮರಳು.

ಆ ಮರಳಿನಲ್ಲಿ ಕಾರು ಹೂಳದಿರಲು ಚಕ್ರದ ಗಾಳಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಹೆಚ್ಚು ನೆಲದ ಮೇಲೆ ಹರಡಿಕೊಳ್ಳುತ್ತದೆ, ಚದರ ಅಂಗುಲಕ್ಕೆ ಬೀಳುವ ಭಾರ ತಗ್ಗುತ್ತದೆ. ಒಂಟೆಯ ಪಾದ ಅಗಲವಾಗಿರುವುದೂ ಇದೇ ಉಪಾಯಕ್ಕೆ. ಡಾಂಬರು ರಸ್ತೆ ಸೇರಿದ ಕೂಡಲೇ ಮತ್ತೆ ಗಾಳಿ ತುಂಬಲು ಪಂಪು ಮರೆಯಬಾರದು.

ಮರುಭೂಮಿ ಎಂದೊಡನೆ ಬಿಸಿಲನ್ನಷ್ಟೇ ನೆನೆದು ತೆಳು ಬಟ್ಟೆ ಕಟ್ಟಿಕೊಳ್ಳುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಜೂನ್ ಅಲ್ಲಿ ಚಳಿಗಾಲ. ಹಗಲು 20 ಡಿಗ್ರಿಯ ಹಿತವಾದ ಬಿಸಿಲು, ರಾತ್ರಿ ಸರಾಸರಿ 5 ಡಿಗ್ರಿ, ಕೆಲವು ರಾತ್ರಿ ಸೊನ್ನೆಗೂ ಕೆಳಗೆ. ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ, ಹಗಲು ಕಾದ ಮರಳಿನ ಶಾಖ ತಡೆಯಿಲ್ಲದೆ ಆಕಾಶಕ್ಕೆ ಸೋರಿಹೋಗುತ್ತದೆ. ಅಲ್ಲಿನವರು ಸ್ವ್ಯಾಗ್ ಎಂಬ ದಪ್ಪ ಕ್ಯಾನ್‌ವಾಸಿನ ಹಾಸಿಗೆ ಚೀಲದಲ್ಲಿ ಮಲಗುತ್ತಾರೆ. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ, ಏಕೆಂದರೆ ಮೈಯ ಬಿಸಿಯನ್ನು ತಣ್ಣನೆಯ ನೆಲ ಹೀರಿಕೊಳ್ಳುತ್ತದೆ. ಚಳಿಯೆಂದು ಕೆಂಡವನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಡೇರೆಯೊಳಗೆ ಇಟ್ಟುಕೊಳ್ಳಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಮೊಬೈಲ್ ಫೋನನ್ನು ನಂಬಿ ಹೋಗುವ ದಾರಿಯಲ್ಲ ಇದು. ಉಪಗ್ರಹದ ಮೂಲಕ ಸಂಕೇತ ಕಳಿಸುವ ಪುಟ್ಟ ತುರ್ತು ಸಾಧನವೊಂದು ಜೊತೆಗಿರಬೇಕು. ದೂರಕ್ಕೆ ಉಪಾಯ ಹುಡುಕುವುದು ಈ ಊರಿಗೆ ಹೊಸದೇನಲ್ಲ. ವಿಮಾನದಲ್ಲಿ ಹಾರಿ ಬರುವ ವೈದ್ಯರ ನೆಲೆ ಇಲ್ಲಿ 1939ರಿಂದ ಇದೆ. ನೂರಾರು ಮೈಲಿ ದೂರದ ದನದ ಫಾರಂಗಳ ಮಕ್ಕಳಿಗೆ ರೇಡಿಯೋ ಮೂಲಕ ಪಾಠ ಹೇಳುವ ಶಾಲೆ 1951ರಲ್ಲಿ ಆರಂಭವಾದದ್ದೂ ಇಲ್ಲೇ. ಓಟ ನೋಡಲು ಹೋದ ವಿದ್ಯಾರ್ಥಿಗಳು ಶನಿವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಅದರ ಕಥೆಯನ್ನಷ್ಟು ತಿಳಿದುಕೊಳ್ಳಬೇಕು. ಒಂದು ಟ್ರಕ್ಕಿನ ಓಟಕ್ಕಿಂತ ಅದೇನೂ ಕಡಿಮೆ ಸಾಹಸವಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಸ್ಪರ್ಧಿಗಳೆಲ್ಲ ಅಪುಟುಲದಲ್ಲಿ ತಂಗಿರುತ್ತಾರೆ. ದೂಳು ಕೂರುತ್ತದೆ. ಆರು ಗಂಟೆಗೆಲ್ಲ ಕತ್ತಲು. ಕರ್ನಾಟಕದಿಂದ ಮೇ ತಿಂಗಳಲ್ಲಿ ದಕ್ಷಿಣದ ದಿಗಂತದ ಬಳಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ ಆಕಾಶದಲ್ಲಿ ಎತ್ತರಕ್ಕೆ ಏರಿರುತ್ತದೆ. ಮಧ್ಯರಾತ್ರಿಗೆ ಆಕಾಶಗಂಗೆಯ ಅತಿ ದಟ್ಟ ಭಾಗ ನೆತ್ತಿಯ ಮೇಲೆ ಬರುತ್ತದೆ. ಬೈನಾಕ್ಯುಲರಿಗೆ ಹಗಲಿಗಿಂತ ರಾತ್ರಿಯೇ ಹೆಚ್ಚು ಕೆಲಸ.

ಸೋಮವಾರ ಸಂಜೆ ಓಟ ಮುಗಿಯುತ್ತಲೇ ಬಿಡಾರದವರೆಲ್ಲ ಒಟ್ಟಿಗೆ ಊರಿನ ಕಡೆ ಹೊರಡುತ್ತಾರೆ. ಅದೇ ಹೊತ್ತಿಗೆ ಕಾಂಗರೂಗಳು ಮೇಯಲು ಹೊರಬರುತ್ತವೆ. ಮುಂದಿನ ಕಾರಿನ ದೂಳು, ಕಣ್ಣಿಗೆ ಹೊಡೆಯುವ ಸೂರ್ಯ, ಎರಡು ದಿನ ನಿದ್ದೆಗೆಟ್ಟ ಚಾಲಕ. ಆ ಸಾಲಿನಲ್ಲಿ ಸೇರದೆ ಇನ್ನೊಂದು ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಬೂದಿಯ ಮೇಲೆ ನೀರು ಸುರಿದು, ಕಸವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಡುವುದೇ ಮೇಲು. ಅದಕ್ಕಾಗಿ ಮಕ್ಕಳ ಶಾಲೆಗೆ ರಜೆಯ ಅರ್ಜಿಯನ್ನು ಮೇ ತಿಂಗಳಲ್ಲೇ ಕೊಟ್ಟಿರಬೇಕು.