ಗಣಕದ ಎರಡು ಕಿವಿ

ಹಿಂದೆ ಟೇಪ್ ರೆಕಾರ್ಡರಿನ ಕಾಲದಲ್ಲಿ ರೇಡಿಯೋದ ಮುಂದೆ ಯಂತ್ರವನ್ನಿಟ್ಟು, ಮನೆಮಂದಿಯನ್ನೆಲ್ಲ ಗದರಿಸಿ ಸುಮ್ಮನಿರಿಸಿ ಹಾಡು ಹಿಡಿಯುತ್ತಿದ್ದೆವು. ಆದರೂ ಚರಣದ ನಡುವೆ ಕುಕ್ಕರಿನ ಸೀಟಿ ಬಂದೇ ಬರುತ್ತಿತ್ತು. ಈಗ ಹಾಡುವುದೂ ಗಣಕವೇ, ಮುದ್ರಿಸಿಕೊಳ್ಳುವುದೂ ಗಣಕವೇ. ಕುಕ್ಕರಿಗೇನು ಕೆಲಸ ಎಂದು ತಾವು ಕೇಳಬಹುದು. ಕೆಲಸವಿದೆ.

ಧಾರವಾಡದ ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ. ಬೀಸುವ ಪದಗಳು ಇನ್ನೂ ಬಾಯಲ್ಲಿವೆ. ಆದರೆ ವರ್ಷಕ್ಕೊಂದೊಂದು ಸಾಲು ಜಾರುತ್ತಿದೆ. ವೀಡಿಯೋ ಕರೆಯಲ್ಲಿ ಅವರು ಹಾಡುವುದು, ಪುಣೆಯಲ್ಲಿ ಕುಳಿತು ನಾನು ಹಿಡಿದಿಡುವುದು ಎಂದು ಒಪ್ಪಂದವಾಯಿತು. ನನ್ನದು ಲಿನಕ್ಸ್ ಗಣಕ. ಆಡಾಸಿಟಿಯಲ್ಲಿ ಮುದ್ರಿಸಿ ಕೇಳಿದರೆ ಫ್ಯಾನಿನ ಸದ್ದು, ನನ್ನ ಕೆಮ್ಮು, ಪಕ್ಕದ ಮನೆಯ ಕುಕ್ಕರು. ನನ್ನ ಕಿವಿಯಲ್ಲಿ ಹೆಡ್‌ಫೋನ್ ಇದ್ದುದರಿಂದ ಅತ್ತೆಯ ದನಿ ಎಳ್ಳಷ್ಟೂ ಇಲ್ಲ!

"ಇನ್ನೊಮ್ಮೆ ಹಾಡಂದ್ರ ಹಾಡೇನು ತಮ್ಮಾ. ಆದ್ರ ಮುಂದಿನ ವಾರ ಇಷ್ಟರ ನೆನಪಿರತೈತೋ ಇಲ್ಲೋ," ಎಂದರು ಅತ್ತೆ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಗುಟ್ಟು ಇಷ್ಟೇ. ಗಣಕಕ್ಕೆ ಎರಡು ಬಗೆಯ ಕಿವಿ. ಒಂದು ಮೈಕು, ಅದು ಕೋಣೆಯನ್ನು ಕೇಳುತ್ತದೆ. ಇನ್ನೊಂದರ ಹೆಸರು 'ಮಾನಿಟರ್'. ಸ್ಪೀಕರಿಗೆ ಹೋಗುವ ದನಿಯನ್ನು ಅದು ಒಳಗೊಳಗೇ ಕೇಳಿಸಿಕೊಳ್ಳುತ್ತದೆ. ಹೇಳದಿದ್ದರೆ ಗಣಕ ಸಾಮಾನ್ಯವಾಗಿ ಮೈಕನ್ನೇ ಆರಿಸಿಕೊಳ್ಳುತ್ತದೆ. ಬದಲಿಸಲು 'ಪಾವುಕಂಟ್ರೋಲ್' ಎಂಬ ಪುಟ್ಟ ತಂತ್ರಾಂಶ ಬೇಕು. ಅದರ 'ರೆಕಾರ್ಡಿಂಗ್' ಪುಟ ಮೊದಲು ಖಾಲಿಯಾಗಿ ಕಂಡು ಗಾಬರಿಯಾಗುತ್ತದೆ. ಮುದ್ರಣ ನಡೆಯುತ್ತಿರುವಾಗ ಮಾತ್ರ ಅಲ್ಲಿ ಆಡಾಸಿಟಿಯ ಹೆಸರು ಮೂಡುತ್ತದೆ. ಆದ್ದರಿಂದ ಮೊದಲು ಮುದ್ರಣ ಆರಂಭಿಸಿ, ಆಮೇಲೆ ಆ ಹೆಸರಿನ ಎದುರು ಮೈಕನ್ನು ತೆಗೆದು ಮಾನಿಟರನ್ನು ಆರಿಸಬೇಕು. ಆಡಾಸಿಟಿಯೊಳಗೆ ಸಾಧನದ ಹೆಸರು 'ಪಲ್ಸ್' ಅಥವಾ 'ಡಿಫಾಲ್ಟ್' ಎಂದಿರಲಿ.

ಇಷ್ಟಾದರೂ ಮೌನವೇ ಸಿಕ್ಕೀತು. ಏಕೆಂದರೆ ಒಂದೊಂದು ಹೊರದಾರಿಗೂ ಒಂದೊಂದು ಮಾನಿಟರ್ ಉಂಟು. ದನಿ ಬ್ಲೂಟೂತ್ ಹೆಡ್‌ಫೋನಿಗೆ ಹೋಗುತ್ತಿದ್ದರೆ ಒಳಗಿನ ಸ್ಪೀಕರಿನ ಮಾನಿಟರಿಗೆ ಏನೂ ಕೇಳಿಸದು. ಟಿವಿಗೆ ತಂತಿ ಜೋಡಿಸಿದವರಿಗೂ ಇದೇ ಫಜೀತಿ. 'ಇನ್‌ಪುಟ್ ಡಿವೈಸಸ್' ಪುಟದ ಕೆಳಗೆ ಮಾನಿಟರುಗಳನ್ನು ತೋರಿಸೆಂದು ಹೇಳಿದರೆ, ಯಾವುದರ ಪಟ್ಟಿ ಹಾಡಿಗೆ ತಕ್ಕಂತೆ ಕುಣಿಯುತ್ತದೋ ಅದೇ ನಮಗೆ ಬೇಕಾದದ್ದು.

2021ರಲ್ಲಿ ಫೆಡೋರಾ 34 ಹಳೆಯ ಪಲ್ಸ್‌ಆಡಿಯೋ ಬಿಟ್ಟು ಪೈಪ್‌ವೈರಿಗೆ ಹೋಯಿತು. ಬಳಿಕ ಇತರರೂ ಹೋದರು. ಹುಡುಗರು ಇದನ್ನು ದೊಡ್ಡ ಕ್ರಾಂತಿಯೆನ್ನುತ್ತಾರೆ. ನನಗಂತೂ ಪಾವುಕಂಟ್ರೋಲ್ ಹಾಗೆಯೇ ಕೆಲಸ ಮಾಡುತ್ತಿರುವುದೇ ಸಮಾಧಾನ.

ಮುಂದಿನ ಭಾನುವಾರ ಹನ್ನೊಂದು ಪದ ಸಿಕ್ಕವು. ಮಾನಿಟರ್ ಅತ್ತೆಯ ಕಡೆಯಿಂದ ಬಂದದ್ದನ್ನಷ್ಟೇ ಹಿಡಿಯುವುದರಿಂದ ನನ್ನ ಹೂಂಗುಟ್ಟುವಿಕೆ ಅದರಲ್ಲಿಲ್ಲ. ಸಿ.ಡಿ. ಗುಣಮಟ್ಟದ ಮುದ್ರಣ ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ತಿನ್ನುತ್ತದೆ, 'ಫ್ಲ್ಯಾಕ್' ಮಾಡಿಟ್ಟರೆ ದನಿ ಕೆಡದೆ ಜಾಗ ಉಳಿಯುತ್ತದೆ. ನಾಲ್ಕನೆಯ ಪದದ ನಡುವಿನ ಒಂದು ಸಾಲು ಅತ್ತೆಗೂ ಹೊಳೆಯಲಿಲ್ಲ. ಬೀಸುವ ಪದ ಬಲ್ಲ ಹಿರಿಯರು ನಮ್ಮ ಸಂಘದ ಮನೆಗಳಲ್ಲಿದ್ದರೆ ದಯವಿಟ್ಟು ತಿಳಿಸಿ. ಯಂತ್ರ ಸಿದ್ಧವಿದೆ.