ತಂಬೂರಿ ಮತ್ತು ಗಿಟಾರ್

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ತೆರಕಣಾಂಬಿಯನ್ನು ಹಾದು ಹೋಗುತ್ತದೆ. ಮಳೆಗಾಲದಲ್ಲಿ ಈ ಸೀಮೆಯ ಹೊಲಗಳಲ್ಲಿ ಸೂರ್ಯಕಾಂತಿ ಅರಳಿ ನಿಂತಿರುವುದನ್ನು ಕಾಣಬಹುದು. ಅಂಥದೊಂದು ದಿನ ಆ ಬಸ್ಸಿನಲ್ಲಿ ವೃದ್ಧ ನೀಲಗಾರರೊಬ್ಬರೂ ಅವರ ಮೊಮ್ಮಗನೂ ಕುಳಿತಿದ್ದರು. ತಾತನ ಮಡಿಲಲ್ಲಿ ಬಟ್ಟೆ ಸುತ್ತಿದ ತಂಬೂರಿಯಿತ್ತು. ಹುಡುಗನ ಕಿವಿಯಲ್ಲಿ ಮೊಬೈಲಿನ ತಂತಿಯಿತ್ತು. ಬಸ್ಸಿನಲ್ಲಿ ಸಹಪಾಠಿಗಳಿದ್ದುದರಿಂದ ಹುಡುಗನು ತಂಬೂರಿಯನ್ನು ಹಿಡಿದುಕೊಳ್ಳಲು ನಾಚಿ, ತಾತನಿಂದ ಒಂದು ಗೇಣು ದೂರ ಸರಿದು ಕುಳಿತಿದ್ದನು.

"ಏನ್ ಮಗ ಅದು, ಕೇಳ್ತಾ ಇರದು?" ಎಂದರು ತಾತ. ಹುಡುಗನು ತಂತಿಯ ಒಂದು ತುದಿಯನ್ನು ಅವರ ಕಿವಿಗೆ ಇಟ್ಟನು. ಗಿಟಾರ್ ಮತ್ತು ಡ್ರಮ್ಮುಗಳ ಅಬ್ಬರದ ನಡುವೆ ಒಂದು ಕಂಠ ಹಾಡುತ್ತಿತ್ತು. ತಾತ ಮೊದಲು ಹುಬ್ಬು ಗಂಟಿಕ್ಕಿದರು. ಬಳಿಕ ಅವರ ಹೆಬ್ಬೆರಳು ತಂಬೂರಿಯ ಮರದ ಮೇಲೆ ತಾನಾಗಿಯೇ ತಾಳ ಹಾಕತೊಡಗಿತು. "ಈ ಪದವ ರೇಡಿಯೋದಲ್ಲಿ ಕೇಳಿವ್ನಿ ಕಣ್ ಮಗ. ವಾದ್ಯ ಬ್ಯಾರೆ, ಪದ ಅದೇಯ" ಎಂದರು.

ಅದು ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ'. ಹಾಡುತ್ತಿದ್ದವರು ರಘು ದೀಕ್ಷಿತ್. ಮೈಸೂರಿನಲ್ಲಿ ಓದಿ, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರು ಭರತನಾಟ್ಯವನ್ನು ಕಲಿತವರು. ಗಿಟಾರನ್ನು ಕೈಗೆತ್ತಿಕೊಂಡದ್ದು ಗೆಳೆಯನೊಬ್ಬನ ಸವಾಲಿನಿಂದ. ಅವರ ಹಾಡುಗಳಿಗೆ ಧ್ವನಿಮುದ್ರಣ ಸಂಸ್ಥೆಗಳ ಒಪ್ಪಿಗೆ ಹಲವು ವರ್ಷ ದೊರೆಯಲಿಲ್ಲ. ಕೊನೆಗೆ, ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಾವೇ ಸ್ಥಾಪಿಸಿದ ಸಂಸ್ಥೆಯ ಮೂಲಕ 2008ರಲ್ಲಿ ಅವರ ಮೊದಲ ಆಲ್ಬಂ ಅನ್ನು ಹೊರತಂದರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶರೀಫರ ಎರಡು ಪದಗಳಿದ್ದುವು. ಎರಡನೆಯದು 'ಸೋರುತಿಹುದು ಮನೆಯ ಮಾಳಿಗಿ'.

ಪೇಟೆಯ ರೂಢಿಯ ಅಭಿರುಚಿಗೆ ಒಗ್ಗದೆ, ತನ್ನದೇ ದಾರಿ ಹಿಡಿದ ರಾಕ್ ಸಂಗೀತವನ್ನು ಪಶ್ಚಿಮ ದೇಶಗಳಲ್ಲಿ ಆಲ್ಟರ್ನೇಟಿವ್ ರಾಕ್ ಎಂದು ಕರೆದರು. ಕನ್ನಡದಲ್ಲಿ ಅದಕ್ಕೆ ಸಮೀಪವಾದ ದಾರಿಯನ್ನು ಈ ಆಲ್ಬಂ ಹಿಡಿಯಿತು. ವಿಚಿತ್ರವೆಂದರೆ, ರೂಢಿಯನ್ನು ಮೀರುವ ಬಲ ಅದಕ್ಕೆ ದೊರೆತದ್ದು ಹಳೆಯ ಪದಗಳಿಂದಲೇ. ಶರೀಫರು (1819–1889) ಮುಸಲ್ಮಾನರಾಗಿ ಹುಟ್ಟಿ, ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳ ಶಿಷ್ಯರಾದವರು. ಗುಡುಗುಡಿಯ ನೆಪದಲ್ಲಿ ಮನಸ್ಸಿನ ಶುದ್ಧಿಯನ್ನೂ ಸೋರುವ ಮಾಳಿಗೆಯ ನೆಪದಲ್ಲಿ ಅಜ್ಞಾನವನ್ನೂ ಹೇಳಿದವರು. ಸಿ. ಅಶ್ವತ್ಥರ ಸಂಗೀತದಿಂದಲೂ 1990ರ 'ಸಂತ ಶಿಶುನಾಳ ಶರೀಫ' ಚಿತ್ರದಿಂದಲೂ ಈ ಪದಗಳು ಮನೆಮನೆಗೆ ತಲುಪಿದ್ದುವು. ಅವುಗಳಿಗೆ ಗಿಟಾರ್ ಜೊತೆಯಾದುದು ಅನಂತರ.

ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ದೀಕ್ಷಿತರು ವಿದೇಶದ ವೇದಿಕೆಗಳನ್ನೇರಿದರು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ದೂರದರ್ಶನದ ಹೆಸರಾಂತ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಾಡಿದರು. 2011ರಲ್ಲಿ ಅಲ್ಲಿಯ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಅವರ ತಂಡಕ್ಕೆ ಸಂದಿತು. ಜನಪದ ಧಾಟಿಯನ್ನು ರಾಕ್ ಸಂಗೀತದೊಡನೆ ಬೆರೆಸಿದ ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಂ ಕೂಡ 2009ರಲ್ಲಿ ಬಂದಿತ್ತು. ತಾಯ್ನುಡಿಯಲ್ಲಿ ಹಾಡಿದರೆ ಕೇಳುವವರಾರು ಎಂಬ ಅಳುಕನ್ನು ಇಂಥ ಪ್ರಯತ್ನಗಳು ತಗ್ಗಿಸಿದುವು. ಆ ಆಲ್ಬಮ್ಮಿನ ನಿಜವಾದ ಕೊಡುಗೆ ಇದೇ.

ಇದನ್ನು ಒಪ್ಪದವರೂ ಉಂಟು. ವಾದ್ಯಗಳ ಅಬ್ಬರದಲ್ಲಿ ಪದದ ಅರ್ಥ ಮುಳುಗುತ್ತದೆಯೆಂಬುದು ಅವರ ಆಕ್ಷೇಪ. ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ತತ್ತ್ವಪದ ಬರಿಯ ಕುಣಿತಕ್ಕೆ ನೆಪವಾದರೆ ಉಳಿಯುವುದು ತಾಳ ಮಾತ್ರ. ಆದರೆ ಯಾರೂ ಹಾಡದೆ ಹೋದರೆ ಅದೂ ಉಳಿಯದು.

ಚಾಮರಾಜನಗರದ ಸೀಮೆಗೆ ಈ ಮಾತು ಬಹಳ ಹತ್ತಿರದ್ದು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯೆಲ್ಲ ಹಾಡಬಲ್ಲರು. ಮಾದೇಶ್ವರನ ಕಥೆಯನ್ನು ದೇವರ ಗುಡ್ಡರು ಕಂಸಾಳೆಯೊಡನೆ ಹಾಡುತ್ತಾರೆ. ಈ ಮಹಾಕಾವ್ಯಗಳು ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಬಾಯಿಂದ ಕಿವಿಗೆ. ವಿದ್ವಾಂಸರು ಅವನ್ನು ಗ್ರಂಥಗಳಿಗೆ ಇಳಿಸಿದ್ದಾರೆ. ಆದರೂ ಕಂಠವನ್ನು ಕಾಗದದಲ್ಲಿ ಹಿಡಿದಿಡಲಾಗದು. ಕೇಳುವ ಕಿವಿ ಇಲ್ಲವಾದ ದಿನ ಹಾಡುವ ಕಂಠವೂ ಮೌನವಾಗುತ್ತದೆ.

ಬಸ್ಸು ಗುಂಡ್ಲುಪೇಟೆಯನ್ನು ಸಮೀಪಿಸಿತು. ಹುಡುಗನು ಕಿವಿಯಿಂದ ತಂತಿಯನ್ನು ತೆಗೆದನು. "ತಾತ, ಸಿದ್ಧಪ್ಪಾಜಿ ಕತೆ ನೀನು ಹಾಡು, ನಾನು ಮೊಬೈಲಲ್ಲಿ ತುಂಬ್ಕತೀನಿ" ಎಂದನು.

ತಾತ ನಕ್ಕರು. "ತುಂಬ್ಕಳದು ಆಮೇಲಾಯ್ತದ ಕಣ್ ಮಗ. ಮೊದ್ಲು ಕೂತ್ಕಂಡು ಕೇಳು" ಎಂದರು.

ಬಸ್ಸು ನಿಂತಿತು. ಸಹಪಾಠಿಗಳು ನೋಡುತ್ತಿದ್ದರು. ಹುಡುಗನು ತಂಬೂರಿಯನ್ನು ಎರಡೂ ಕೈಗಳಿಂದ ಎತ್ತಿಕೊಂಡು, ಮೆಟ್ಟಿಲಿಗೆ ತಗಲದಂತೆ ಜೋಪಾನವಾಗಿ ಕೆಳಗಿಳಿದನು.