ಮೂರು ಸರ್ವರ್, ಒಂದು ಕೋರಂ

‘ಕೋರಂ ಕೊರತೆ: ಗ್ರಾಮಸಭೆ ಮುಂದೂಡಿಕೆ.’ ಓದು ಮುಗಿಸಿ ತಾಲ್ಲೂಕು ವರದಿಗಾರಿಕೆಗೆ ಇಳಿದ ಹೊಸತರಲ್ಲಿ ಈ ತಲೆಬರಹವನ್ನು ನಾವೆಲ್ಲ ಒಂದಲ್ಲ ಒಂದು ಸಲ ಬರೆದವರೇ. ಅದೇ ಪದ ನಮ್ಮ ಸರ್ವರ್ ಕೋಣೆಯಲ್ಲಿ ಎದುರಾಗುತ್ತದೆ ಎಂದುಕೊಂಡಿರಲಿಲ್ಲ.

ಸರ್ವರ್ ಕೋಣೆ ಎನ್ನುವುದು ದೊಡ್ಡ ಮಾತಾಯಿತು. ನಮ್ಮಲ್ಲೊಬ್ಬರ ಮನೆಯ ಹಿಂದಿನ ಕೋಣೆ ಅದು, ಪಕ್ಕದಲ್ಲೇ ರಾಗಿ ಮೂಟೆ. ಊರೂರು ಸುತ್ತಿ ರೆಕಾರ್ಡ್ ಮಾಡಿಕೊಂಡು ಬಂದ ರಾಗಿ ಬೀಸುವ ಪದ, ಸೋಬಾನೆ ಪದ, ಬರಗಾಲದ ನೆನಪು, ಕೆರೆ ಜಗಳದ ಕಥೆ ಎಲ್ಲವೂ ಅಲ್ಲಿವೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಇನ್ನೊಂದು ಸಲ ಹೋಗಿ ರೆಕಾರ್ಡ್ ಮಾಡಿಕೊಳ್ಳೋಣ ಎನ್ನುವ ಹಾಗಿಲ್ಲ.

ಮೊದಲು ಒಂದೇ ಸರ್ವರ್ ಇತ್ತು. ಅದರೊಳಗೆ ವೆಬ್‌ಸೈಟಿಗೊಂದು, ಧ್ವನಿ ಸಂಗ್ರಹಕ್ಕೊಂದು, ಡೇಟಾಬೇಸಿಗೊಂದು ಅಂತ ಮೂರು ವರ್ಚುವಲ್ ಮಷಿನ್. ಆ ಒಂದು ಪೆಟ್ಟಿಗೆ ಕೆಟ್ಟರೆ ಮೂರೂ ಮಲಗುತ್ತಿದ್ದವು. ಇನ್ನೊಂದು ಸರ್ವರ್ ತಂದು ಪಕ್ಕಕ್ಕಿಟ್ಟರೆ ಸಾಕೇ? ಸಾಲದು. ವರ್ಚುವಲ್ ಮಷಿನ್ ಎಲ್ಲಿ ಬೇಕಾದರೂ ಎದ್ದು ನಿಲ್ಲಬಲ್ಲದು, ಆದರೆ ಅದರ ಡಿಸ್ಕ್ ಕೆಟ್ಟ ಪೆಟ್ಟಿಗೆಯೊಳಗೇ ಉಳಿದಿದ್ದರೆ ಎದ್ದು ಮಾಡುವುದೇನು? ಎಲ್ಲ ಸರ್ವರ್‌ಗೂ ಸೇರಿ ಒಂದು ಸ್ಟೋರೇಜ್ ಪೆಟ್ಟಿಗೆ ಇಟ್ಟರೆ ಆ ಪೆಟ್ಟಿಗೆಯೇ ಕೆಡಬಹುದು. ಹಾಗಾಗಿ ಸ್ಟೋರೇಜ್ ಕೂಡ ಹಲವು ಪೆಟ್ಟಿಗೆಗಳಲ್ಲಿ ಹಂಚಿಕೊಂಡಿರಬೇಕು.

ನಾವು ಆರಿಸಿಕೊಂಡದ್ದು ಪ್ರಾಕ್ಸ್‌ಮಾಕ್ಸ್ ಮತ್ತು ಅದರೊಳಗೇ ಬರುವ ಸೆಫ್. ಎರಡೂ ಓಪನ್ ಸೋರ್ಸ್, ಅಂದರೆ ನಮ್ಮ ಜೇಬಿಗೆ ಆಗುವಂಥವು. ಸೆಫ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ, ಸೇಜ್ ವೈಲ್ ಎಂಬವರ ಪಿಎಚ್‌ಡಿ ಕೆಲಸವಾಗಿ. ಅದರ ಮುಖ್ಯ ಪ್ರಬಂಧ 2006ರದು. ಇವತ್ತು ಜಿನೀವಾದ ಸರ್ನ್ ಪ್ರಯೋಗಾಲಯವೂ ಅದನ್ನೇ ಬಳಸುತ್ತದೆ. ವರ್ಚುವಲ್ ಮಷಿನ್ನಿನ ಡಿಸ್ಕನ್ನು ಅದು 4 ಎಂಬಿ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಮೂರು ಪ್ರತಿ ಮಾಡಿ, ಒಂದೊಂದನ್ನು ಒಂದೊಂದು ಸರ್ವರ್‌ನಲ್ಲಿ ಇಡುತ್ತದೆ. 12 ಟಿಬಿ ಡಿಸ್ಕ್ ಕೊಂಡರೆ ಕೈಗೆ ಸಿಗುವುದು 4 ಟಿಬಿ. ಅದನ್ನೂ ಪೂರ್ತಿ ತುಂಬುವಂತಿಲ್ಲ: ಡಿಸ್ಕ್ 85 ಶೇಕಡಾ ತುಂಬಿದರೆ ಎಚ್ಚರಿಕೆ, 95ಕ್ಕೆ ಬರೆಯುವುದೇ ಬಂದ್.

ಈಗ ಕೋರಂ ವಿಷಯ. ಮೂರರಲ್ಲಿ ಒಂದು ಸರ್ವರ್ ಮಾತಾಡುವುದನ್ನು ನಿಲ್ಲಿಸಿತು ಎನ್ನಿ. ಅದು ಸತ್ತಿದೆಯೋ, ನಡುವಿನ ವೈರ್ ಮಾತ್ರ ಕಿತ್ತಿದೆಯೋ ಉಳಿದೆರಡಕ್ಕೆ ಗೊತ್ತಾಗುವುದಿಲ್ಲ. ಫೋನ್ ಸ್ವಿಚ್ ಆಫ್ ಬಂತೆಂದು ಯಾರನ್ನಾದರೂ ತೀರಿಕೊಂಡರು ಎಂದು ಬರೆದುಬಿಡಲು ಆಗುತ್ತದೆಯೇ? ಬರೆದ ಮೇಲೆ ಆ ಮನುಷ್ಯ ಬಸ್ಸಿನಿಂದ ಇಳಿದು ಬಂದರೆ? ಸರ್ವರ್ ಲೋಕದಲ್ಲಿ ಇದು ಇನ್ನೂ ಕೆಟ್ಟದ್ದು. ಒಂದೇ ವರ್ಚುವಲ್ ಮಷಿನ್ ಎರಡು ಕಡೆ ಎದ್ದು, ಒಂದೇ ಡಿಸ್ಕಿಗೆ ಎರಡೂ ಬರೆದರೆ ಡೇಟಾ ಹಾಳಾಗುತ್ತದೆ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಮತ ಇದ್ದ ಕಡೆ ಮಾತ್ರ ಕೆಲಸ ಮುಂದುವರಿಯುತ್ತದೆ. ಒಂಟಿಯಾಗಿ ಉಳಿದ ಸರ್ವರ್ ಸುಮಾರು ಒಂದು ನಿಮಿಷ ಕಾದು ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ಅದು ಖಂಡಿತ ನಿಂತಿರುತ್ತದೆ ಎನ್ನುವಷ್ಟು ಹೊತ್ತು ಬಿಟ್ಟು ಉಳಿದವು ಅದರ ಮಷಿನ್‌ಗಳನ್ನು ಎಬ್ಬಿಸುತ್ತವೆ. ಎಲ್ಲ ಸೇರಿ ಎರಡು ನಿಮಿಷದ ಆಸುಪಾಸು. ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸರ್ವರ್‌ಗಳ ಈ ‘ಇದ್ದೀಯಾ, ಇದ್ದೇನೆ’ ಮಾತುಕತೆಗೆ ಬೇರೆಯೇ ನೆಟ್‌ವರ್ಕ್ ಕೊಡಿ. ಸೆಫ್ ಒಂದು ಡಿಸ್ಕನ್ನು ಮತ್ತೆ ತುಂಬಿಸುವಾಗ ವೈರ್ ಪೂರ್ತಿ ಅದೇ ಹರಿಯುತ್ತದೆ. ಮಾತುಕತೆಯೂ ಅದೇ ವೈರ್‌ನಲ್ಲಿದ್ದರೆ ಉತ್ತರ ತಡವಾಗಿ, ಚೆನ್ನಾಗಿರುವ ಸರ್ವರ್ ಕೂಡ ಸತ್ತವರ ಪಟ್ಟಿಗೆ ಸೇರುತ್ತದೆ. 10 ಗಿಗಾಬಿಟ್ ಸ್ವಿಚ್ಚಿಗೆ ನಮ್ಮಲ್ಲಿ ದುಡ್ಡಿರಲಿಲ್ಲ. ಎರಡು ಪೋರ್ಟಿನ ಹಳೆಯ ಕಾರ್ಡ್‌ಗಳನ್ನು ಹಾಕಿ, ಮೂರು ಸರ್ವರ್‌ಗಳನ್ನು ಮೂರೇ ಕೇಬಲ್‌ಗಳಲ್ಲಿ ನೇರ ಒಂದಕ್ಕೊಂದು ಕಟ್ಟಿದೆವು. ಮಾತುಕತೆಗೆ ಮಾಮೂಲಿ ಸ್ವಿಚ್. ಎಸ್‌ಎಸ್‌ಡಿ ಮಾತ್ರ ಅಗ್ಗದ್ದು ಬೇಡ. ಕರೆಂಟ್ ಹೋದಾಗಲೂ ಬರೆದದ್ದನ್ನು ಉಳಿಸಿಕೊಳ್ಳುವ ಕೆಪಾಸಿಟರ್ ಇರುವ, ಸರ್ವರಿಗೆಂದೇ ಮಾಡಿದ ಡಿಸ್ಕ್ ಇಲ್ಲದಿದ್ದರೆ ಸೆಫ್ ಎತ್ತಿನಗಾಡಿಯ ಹಾಗೆ ತೆವಳುತ್ತದೆ.

ನಮ್ಮಲ್ಲಿ ಜಗಳವಾದದ್ದು ‘ಮಿನ್ ಸೈಜ್’ ಎಂಬ ಒಂದು ಅಂಕಿಯ ಮೇಲೆ. ಪ್ರತಿಗಳು 3, ಆದರೆ ಕನಿಷ್ಠ ಎಷ್ಟು ಪ್ರತಿ ಜೀವಂತ ಇದ್ದರೆ ಕೆಲಸ ನಡೆಯಬೇಕು? ಸಾಮಾನ್ಯವಾಗಿ 2. ಅದನ್ನು 1ಕ್ಕೆ ಇಳಿಸಿದರೆ ಸೈಟ್ ನಿಲ್ಲುವುದು ಕಡಿಮೆ, ಆದರೆ ಉಳಿದ ಆ ಒಂದೇ ಡಿಸ್ಕ್ ಕೈಕೊಟ್ಟರೆ ಆ ಹೊತ್ತಿನಲ್ಲಿ ಬರೆದದ್ದು ಎಲ್ಲೂ ಇರುವುದಿಲ್ಲ. ಇಬ್ಬರು 1 ಅಂದರು, ಮೂವರು 2 ಅಂದೆವು.

ಕಳೆದ ಮಳೆಗಾಲದಲ್ಲಿ ಪವರ್ ಸಪ್ಲೈ ಸುಟ್ಟು ಒಂದು ಸರ್ವರ್ ರಿಪೇರಿಗೆ ಹೋಗಿತ್ತು. ಅದು ಬರುವ ಮೊದಲೇ ಇನ್ನೊಂದರ ಎರಡು ಡಿಸ್ಕ್‌ಗಳಲ್ಲಿ ಒಂದು ಕೆಟ್ಟಿತು. ಕೋರಂ ಇತ್ತು, ಎರಡು ಸರ್ವರ್ ನಡೆಯುತ್ತಿದ್ದವು. ಆದರೆ ಅರ್ಧದಷ್ಟು ತುಂಡುಗಳಿಗೆ ಉಳಿದದ್ದು ಒಂದೊಂದೇ ಪ್ರತಿ. ತುಂಡುಗಳು ಎಲ್ಲ ಕಡೆ ಚದುರಿರುವುದರಿಂದ ಅರ್ಧ ನಿಂತರೂ ಎಲ್ಲ ನಿಂತಂತೆಯೇ. ಸೈಟ್ ಮೌನ.

ಅವತ್ತು ಸಂಜೆಯೇ ಒಂದು ಫೋನ್. “ಅಣ್ಣಾ, ಅವ್ವನ ಪದ ಬರ್ತಾನೇ ಇಲ್ವಲ್ಲ. ನಾಳೆ ತಿಥಿ. ಎಲ್ಲರೂ ಕೇಳ್ತಾ ಅವ್ರೆ.”

ಒಂದು ಸಾಲಿನ ಕಮಾಂಡ್ ಕೊಟ್ಟು 2ನ್ನು 1 ಮಾಡಿದ್ದರೆ ಆ ಕ್ಷಣವೇ ಪದ ಬರುತ್ತಿತ್ತು. 1 ಎಂದಿದ್ದವರು ನಮ್ಮ ಮುಖ ನೋಡಿದರು. ನಾವು ಮಾಡಲಿಲ್ಲ. ಕೆಟ್ಟ ಡಿಸ್ಕನ್ನು ಲೆಕ್ಕದಿಂದ ಹೊರಗಿಟ್ಟೆವು. ಸೆಫ್ ಉಳಿದ ಪ್ರತಿಯಿಂದ ಪಕ್ಕದ ಡಿಸ್ಕಿಗೆ ನಕಲು ಮಾಡಲು ಶುರುಮಾಡಿತು. ಡಿಸ್ಕ್‌ಗಳನ್ನು ಅರ್ಧವೂ ತುಂಬದೆ ಇಟ್ಟಿದ್ದರಿಂದ ಜಾಗವಿತ್ತು. ಬೆಳಗಿನ ಜಾವಕ್ಕೆ ಸೈಟ್ ತಾನಾಗಿ ಎದ್ದಿತು.

ಆದರೆ ಆ ಮಗನಿಗೆ ಪದ ರಾತ್ರಿಯೇ ತಲುಪಿತ್ತು. ಕ್ಲಸ್ಟರ್‌ಗೆ ಸಂಬಂಧವೇ ಇಲ್ಲದ ಒಂದು ಡಿಸ್ಕ್ ಪಕ್ಕದ ಊರಿನಲ್ಲಿದೆ. ಪ್ರತಿ ಭಾನುವಾರ ಅದಕ್ಕೆ ಎಲ್ಲದರ ನಕಲು ತೆಗೆಯುತ್ತೇವೆ. ಕ್ಲಸ್ಟರಿನಲ್ಲಿ ಯಾರಾದರೂ ಒಂದು ಫೈಲ್ ಅಳಿಸಿದರೆ ಮೂರು ಪ್ರತಿಯೂ ಒಟ್ಟಿಗೇ ಹೋಗುತ್ತವೆ, ಆ ಭಯಕ್ಕೆ ಇಟ್ಟದ್ದು. ಬೈಕ್ ಹತ್ತಿ ಹೋಗಿ, ಅದರಿಂದ ಆ ಒಂದು ಪದವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆವು. “ಬಂತು ಕಣಣ್ಣ” ಎಂದಷ್ಟೇ ಉತ್ತರ ಬಂತು.

ರಿಪೇರಿಗೆ ಹೋದ ಸರ್ವರ್ ವಾರದ ನಂತರ ಬಂತು, ಹೊಸ ಡಿಸ್ಕೂ ಬಂತು. ಮಿನ್ ಸೈಜ್ 2ರಲ್ಲೇ ಇದೆ, ಜಗಳವೂ ಇದೆ. ಮೂರೂ ಸರ್ವರ್ ಇನ್ನೂ ಒಂದೇ ಇನ್ವರ್ಟರ್ ಮೇಲಿವೆ. ಅದರ ಬ್ಯಾಟರಿಗೆ ನೀರು ಹಾಕುವ ಸರದಿ ಈ ತಿಂಗಳು ಯಾರದೆಂದು ತೀರ್ಮಾನವಾಗಿಲ್ಲ.